ಕೂಡಿ ಪ್ರಾರ್ಥಿಸುವುದು, ಕೂಡಿ ಉಣ್ಣುವುದು



ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ 170ಕ್ಕೂ ಹೆಚ್ಚು ದೇಶಗಳ ಕ್ರೈಸ್ತ ಮಹಿಳೆಯರು ಒಂದೇ ಪ್ರಾರ್ಥನೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಸಲ್ಲಿಸುತ್ತಾರೆ. ಆ ಪ್ರಾರ್ಥನೆಯನ್ನು ಬರೆದುಕೊಡುವವರು ಪೋಪರೂ ಅಲ್ಲ, ಬಿಷಪ್ಪರೂ ಅಲ್ಲ. ವರ್ಷಕ್ಕೊಂದು ದೇಶದ ಹೆಣ್ಣುಮಕ್ಕಳಿಗೆ ಆ ಸರದಿ ಬರುತ್ತದೆ. 2023ರಲ್ಲಿ ತೈವಾನಿನವರು ಬರೆದರು. 2024ರಲ್ಲಿ ಪ್ಯಾಲೆಸ್ಟೀನಿನವರ ಸರದಿ. 2025ರಲ್ಲಿ ಶಾಂತಸಾಗರದ ನಡುವಿನ ಕುಕ್ ದ್ವೀಪಗಳವರದು. ಯುದ್ಧದ ನಡುವೆ ಇದ್ದವರು ಬರೆದದ್ದನ್ನು ನೆಮ್ಮದಿಯಲ್ಲಿ ಇದ್ದವರು ಓದಿದರು. ನಕಾಶೆಯಲ್ಲಿ ಚುಕ್ಕೆಯಂತೆ ಕಾಣುವ ದ್ವೀಪದವರು ಬರೆದದ್ದನ್ನು ದೊಡ್ಡ ದೇಶದವರು ಓದಿದರು. ಭಾರತದ ಚರ್ಚುಗಳಲ್ಲಿಯೂ ಈ ದಿನ ನಡೆಯುತ್ತದೆ. 1887ರಲ್ಲಿ ಅಮೆರಿಕದ ಕೆಲವು ಮಹಿಳೆಯರು ತಮ್ಮ ದೇಶಕ್ಕೆ ವಲಸೆ ಬಂದವರ ಕಷ್ಟಕ್ಕಾಗಿ ಆರಂಭಿಸಿದ ಪ್ರಾರ್ಥನೆಯ ದಿನವದು. 1927ರಿಂದ ಅದು ಲೋಕದ ದಿನವಾಯಿತು.

ಲಿಂಗಾಯತರ ಪತ್ರಿಕೆಯೊಂದರ ಸಂಪಾದಕೀಯಕ್ಕೆ ಇದೇಕೆ ವಿಷಯವಾಯಿತು ಎಂದು ಕೆಲವರು ಕೇಳಬಹುದು. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರನ್ನು ಬಲ್ಲವರು ಹಾಗೆ ಕೇಳಲಾರರು. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಇಳಿದ ಮೇಲೆ ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ರೈತರು ಬಂದರು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳನ್ನು ಕೊಂಡು ಭತ್ತದ ಗದ್ದೆ ಮಾಡಿದರು. ಅವರು ನೆಲೆ ನಿಂತ ಜಾಗಗಳಿಗೆ ನಮ್ಮ ಜನ ಕ್ಯಾಂಪು ಎಂದು ಹೆಸರಿಟ್ಟರು. ಎಪ್ಪತ್ತು ವರ್ಷ ಕಳೆದು, ಮೂರನೆಯ ತಲೆಮಾರು ಕನ್ನಡ ಶಾಲೆಯಲ್ಲಿ ಓದಿದರೂ ಕ್ಯಾಂಪು ಎಂಬ ಹೆಸರು ಹೋಗಿಲ್ಲ. ನೆರೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಗಳಿದ್ದಾರೆ. ನಾಟಿಗೆ, ಕೊಯ್ಲಿಗೆ, ರೈಸ್ ಮಿಲ್ಲಿನ ಹಮಾಲಿಗೆ ಬಂದ ಕೂಲಿಕಾರರಿದ್ದಾರೆ. ರಾಮಮಂದಿರವಿದೆ, ಹನುಮಪ್ಪನ ಗುಡಿಯಿದೆ, ದರ್ಗಾ ಇದೆ, ಭಾನುವಾರ ತೆಲುಗು ಹಾಡು ಕೇಳಿಬರುವ ಪ್ರಾರ್ಥನಾ ಮಂದಿರವಿದೆ, ನಮ್ಮ ಮಠಗಳಿವೆ. ಎಲ್ಲರೂ ಪ್ರಾರ್ಥಿಸುತ್ತಾರೆ. ಪಕ್ಕದವರು ಏನನ್ನು ಬೇಡುತ್ತಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಕಡೆ ನಮ್ಮವರೇ ಚದುರಿ ಹೋಗುತ್ತಿದ್ದಾರೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದ ಹಳ್ಳಿಗಳಿಂದ ಮಂದಿ ದುಡಿಯಲು ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ ಹೋಗುತ್ತಾರೆ. ಓದಿದ ಮಕ್ಕಳು ಪುಣೆ, ದುಬೈ, ಅಮೆರಿಕ ಎನ್ನುತ್ತಾರೆ. ಇವರನ್ನೆಲ್ಲ ಒಂದು ಸಮಾಜವಾಗಿ ಹಿಡಿದಿಡುವುದು ಯಾವುದು? 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಆದರೆ ಪ್ರತಿಮೆ ಒಂದು ಕಡೆ ನಿಲ್ಲುತ್ತದೆ, ಜನರು ನೂರು ಕಡೆ ಇರುತ್ತಾರೆ. ನೂರು ಕಡೆ ಇರುವವರನ್ನು ಒಂದುಗೂಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಕ್ರೈಸ್ತ ಮಿಶನ್ನುಗಳ ಇತಿಹಾಸದಲ್ಲಿ ಕಲಿಯಬೇಕಾದ ಪಾಠವಿದೆ. ಎಚ್ಚರಿಕೆಯ ಪಾಠವೂ ಅಲ್ಲೇ ಇದೆ. ಎರಡನ್ನೂ ನೋಡೋಣ.

1727ರಲ್ಲಿ ಜರ್ಮನಿಯ ಹರ್ನ್‌ಹುಟ್ ಎಂಬ ಚಿಕ್ಕ ಊರಿನಲ್ಲಿ, ಮೊರೇವಿಯಾ ಪ್ರಾಂತ್ಯದಿಂದ ಓಡಿಬಂದ ನಿರಾಶ್ರಿತರು ಒಂದು ವ್ರತ ಹಿಡಿದರು. ದಿನದ ಇಪ್ಪತ್ನಾಲ್ಕು ತಾಸನ್ನು ಹಂಚಿಕೊಂಡು ಯಾರಾದರೊಬ್ಬರು ಎಚ್ಚರವಿದ್ದು ಪ್ರಾರ್ಥಿಸಬೇಕು ಎಂಬುದು ಆ ವ್ರತ. ಅದು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮರುವರ್ಷ ಇನ್ನೊಂದು ರೂಢಿ ಆರಂಭವಾಯಿತು. ಪ್ರತಿದಿನ ಧರ್ಮಗ್ರಂಥದ ಒಂದು ಮಾತನ್ನು ಆರಿಸಿ ಮನೆಮನೆಗೆ ಮುಟ್ಟಿಸುವುದು. ಆ ದಿನವೆಲ್ಲ ಊರಿಗೆ ಊರೇ ಅದೊಂದನ್ನೇ ಮೆಲುಕು ಹಾಕುವುದು. 1731ರಿಂದ ಅದು ಇಡೀ ವರ್ಷದ ಪುಸ್ತಕವಾಗಿ ಅಚ್ಚಾಗುತ್ತಿದೆ. ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತದೆ. ಆಫ್ರಿಕದ ರೈತನೂ ಯುರೋಪಿನ ದಾದಿಯೂ ಇಂದು ಬೆಳಿಗ್ಗೆ ಓದಿದ್ದು ಒಂದೇ ಮಾತು. ಇದಕ್ಕೆ ಕಟ್ಟಡ ಬೇಕಾಗಲಿಲ್ಲ, ದೊಡ್ಡ ನಿಧಿ ಬೇಕಾಗಲಿಲ್ಲ. ಬೇಕಾದದ್ದು ತಪ್ಪದೆ ನಡೆಸುವ ಶಿಸ್ತು.

ನಮ್ಮ ನೆಲಕ್ಕೆ ಬಂದ ಬಾಸೆಲ್ ಮಿಶನ್ ಕೂಡ ಇಂಥ ರೂಢಿಯಲ್ಲೇ ಬೆಳೆದದ್ದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಆ ಸಂಸ್ಥೆಯ ಮೂವರು 1834ರಲ್ಲಿ ಮಂಗಳೂರಿನಲ್ಲಿ ಇಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ನಮ್ಮ ಕುಷ್ಟಗಿಗೆ ಅಷ್ಟೇನೂ ದೂರವಲ್ಲದ ನೇಕಾರರ ಊರು ಗುಳೇದಗುಡ್ಡ. ಅವರ ಶಾಲೆಗಳನ್ನೂ ಮುದ್ರಣಾಲಯವನ್ನೂ ಕಿಟ್ಟೆಲರ 1894ರ ನಿಘಂಟನ್ನೂ ನಾವೆಲ್ಲ ಬಲ್ಲೆವು. ಅವುಗಳ ಹಿಂದೆ ದುಡ್ಡು ಎಲ್ಲಿಂದ ಬಂತು ಎಂಬುದನ್ನು ಕೇಳಿದವರು ಕಡಿಮೆ. ಸಿರಿವಂತರ ದೇಣಿಗೆ ಇತ್ತು, ನಿಜ. ಆದರೆ 1855ರಲ್ಲಿ ಅವರು ಒಂದು ಹೊಸ ಕ್ರಮ ತಂದರು. ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯವನ್ನು ವಾರಕ್ಕೊಂದರಂತೆ ಬಡಬಗ್ಗರ ಮನೆಗಳಿಂದ ಸಂಗ್ರಹಿಸುವುದು. ಕೂಲಿಯವಳು, ಮನೆಗೆಲಸದವಳು, ಸಣ್ಣ ರೈತ ಕೊಟ್ಟ ಆ ಕಾಸು ಸೇರಿ ಹೊಳೆಯಾಯಿತು.

ಕಾಸಿಗಿಂತ ದೊಡ್ಡದು ಅದರ ಜೊತೆಗೆ ಬರುತ್ತಿದ್ದ ಪ್ರಾರ್ಥನೆ. ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಜನರು ಮಿಶನ್ನಿನ ಕೂಟಕ್ಕೆಂದೇ ಸೇರುತ್ತಿದ್ದರು. 1828ರಿಂದ ಬಾಸೆಲಿನಿಂದ ಹೊರಡುತ್ತಿದ್ದ ಮಾಸಿಕದಲ್ಲಿ ದೂರದೂರುಗಳಿಂದ ಬಂದ ಪತ್ರಗಳು, ವರದಿಗಳು ಅಚ್ಚಾಗುತ್ತಿದ್ದವು. ಅವನ್ನು ಓದಿ, ಅಲ್ಲಿದ್ದವರಿಗಾಗಿ ಪ್ರಾರ್ಥಿಸುತ್ತಿದ್ದರು. ಸಮುದ್ರ ಕಾಣದ ರೈತರು ಹೀಗೆ ಮಲಪ್ರಭೆಯ ಸೀಮೆಯ ಬರಗಾಲದ ಸುದ್ದಿ ಕೇಳಿದರು. ಅದೇ ಸಂಸ್ಥೆ 1828ರಿಂದ ಆಫ್ರಿಕದ ಇಂದಿನ ಘಾನಾದಲ್ಲಿಯೂ 1847ರಿಂದ ಚೀನದಲ್ಲಿಯೂ ಕೆಲಸ ಮಾಡುತ್ತಿತ್ತು. ಆಫ್ರಿಕದ ಹವೆಗೆ ಯುರೋಪಿನವರು ಒಬ್ಬೊಬ್ಬರಾಗಿ ಸಾಯುತ್ತಿದ್ದಾಗ, 1843ರಲ್ಲಿ ಜಮೈಕ ಮತ್ತು ಆಂಟಿಗುವಾ ದ್ವೀಪಗಳ ಕಪ್ಪು ಕ್ರೈಸ್ತ ಕುಟುಂಬಗಳು ಹಡಗು ಹತ್ತಿ ಘಾನಾದ ಅಕ್ರೊಪಾಂಗ್ ಊರಿಗೆ ಬಂದು ಆ ಸಭೆಯನ್ನು ಉಳಿಸಿದವು. ಹುಬ್ಬಳ್ಳಿಯ ಸಭೆ, ಅಕ್ರೊಪಾಂಗಿನ ಸಭೆ ಒಂದನ್ನೊಂದು ಕಂಡಿರಲಿಲ್ಲ. ಆದರೂ ಒಂದೇ ಮನೆಯವರ ಪ್ರಾರ್ಥನೆಯಲ್ಲಿ ಎರಡೂ ಹೆಸರುಗಳಿದ್ದವು.

ಇದರ ಗಟ್ಟಿತನ ತಿಳಿದದ್ದು 1914ರ ಮಹಾಯುದ್ಧದಲ್ಲಿ. ಬ್ರಿಟಿಷ್ ಸರಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರು ದೇಶದವರಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು ಆಮೇಲೆ ದೇಶದಿಂದ ಹೊರಗೆ ಹಾಕಿದರು. ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ ಕೈಬಿಟ್ಟು ಹೋದವು. ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಗುಳೇದಗುಡ್ಡದ ಕನ್ನಡ ಸಭೆಗಳ ಬೆನ್ನಿಗಿದ್ದವರೇ ಇಲ್ಲವಾದರು. ಸಭೆಗಳು ಮುಚ್ಚಲಿಲ್ಲ. ಪ್ರಾರ್ಥನೆ ಪಾದ್ರಿಯ ಸ್ವತ್ತಾಗಿದ್ದರೆ ಪಾದ್ರಿಯೊಂದಿಗೆ ಹೋಗುತ್ತಿತ್ತು. ಅದು ಮನೆಮನೆಯ ರೂಢಿಯಾಗಿತ್ತು, ಉಳಿಯಿತು. ಸ್ವಾಮಿಗಳು ಬಂದರೆ ಮಾತ್ರ ಸೇರುವ, ಸ್ವಾಮಿಗಳು ಹೋದರೆ ಚದುರುವ ನಮ್ಮ ಎಷ್ಟು ಊರುಗಳಿವೆ ಎಂದು ಇಲ್ಲಿ ಎಣಿಸಿಕೊಳ್ಳಬೇಕು.

ಇನ್ನೂ ಒಂದು ಸಂಗತಿ. ಈ ಮಿಶನ್ನುಗಳು ಬೇರೆಬೇರೆ ದೇಶಗಳಿಂದ ಬಂದವು. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಶನ್ನಿನವರು. ಧಾರವಾಡದವರು ಸ್ವಿಸ್ ಮತ್ತು ಜರ್ಮನರು. ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ನರು. ರಾಯಚೂರಿನ ಕಡೆ ಅಮೆರಿಕದ ಮೆಥಡಿಸ್ಟರು. ಅದಕ್ಕೂ ಹಿಂದೆ, ಆದಿಲ್‌ಶಾಹಿಗಳ ಕಾಲದಿಂದ ನಮ್ಮ ಪಕ್ಕದ ಮುದಗಲ್ಲಿನಲ್ಲಿ ರೋಮನ್ ಕ್ಯಾಥೊಲಿಕರು. ಒಬ್ಬರ ದೀಕ್ಷೆ ಒಬ್ಬರಿಗೆ ಸಲ್ಲದು, ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂರರು. ಈ ಭೇದ ಯುರೋಪಿನ ಜಗಳದ್ದು, ನಮ್ಮ ಮೇಲೇಕೆ ಎಂದು ಭಾರತೀಯ ಕ್ರೈಸ್ತರು ಕೇಳಿದರು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿ ಒಂದಾಗುವ ಮಾತು ಎತ್ತಿದರು. 28 ವರ್ಷ ಮಾತುಕತೆ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರು ತಿಂಗಳು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರೆಗೇಶನಲ್ ಪರಂಪರೆಯ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಹುಟ್ಟಿತು. ಪಂಚಮಸಾಲಿ, ಬಣಜಿಗ, ಗಾಣಿಗ, ಸಾದರು, ನೊಣಬರು ಎಂದು ಮದುವೆಯ ಮಾತಿಗೆ ಒಳಪಂಗಡದ ಪಟ್ಟಿ ಬಿಚ್ಚುವ ನಾವು ಈ 28 ವರ್ಷದ ತಾಳ್ಮೆಯನ್ನು ನೆನೆಯಬೇಕು.

ಇಷ್ಟು ಹೊಗಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಇಲ್ಲದಿದ್ದರೆ ಅದು ವಿಮರ್ಶೆಯಾಗದು, ಭಟ್ಟಂಗಿತನವಾದೀತು.

ದಿನದ ಇಪ್ಪತ್ನಾಲ್ಕು ತಾಸೂ ಪ್ರಾರ್ಥಿಸಿದ ಆ ಮೊರೇವಿಯನ್ನರು 1732ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ ಹೋದರು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ನಡುವೆ ಕೂತರು, ಅವರನ್ನು ಸೋದರ ಸೋದರಿಯರೆಂದು ಕರೆದರು. ಕೆಲವೇ ವರ್ಷಗಳಲ್ಲಿ ಆ ಮಿಶನ್ನೇ ತೋಟವೊಂದನ್ನು ಕೊಂಡಿತು, ತೋಟದೊಂದಿಗೆ ಗುಲಾಮರನ್ನೂ ಇಟ್ಟುಕೊಂಡಿತು. ಸಂಜೆಯ ಪ್ರಾರ್ಥನೆಯಲ್ಲಿ ಸೋದರ, ಬೆಳಗಿನ ಗದ್ದೆಯಲ್ಲಿ ಆಳು. ಬಾಸೆಲಿನ ಆ ಮಾಸಿಕದ ಹೆಸರಿನಲ್ಲಿಯೇ ನಮ್ಮಂಥವರನ್ನು ಅಜ್ಞಾನಿ ಅನ್ಯಮತದವರೆಂದು ಕರೆಯುವ ಶಬ್ದವಿತ್ತು. ತಮಗಾಗಿ ಪ್ರಾರ್ಥಿಸುವವರು ತಮ್ಮನ್ನು ಕೀಳಾಗಿ ನೋಡಿದರೆ ಆ ಪ್ರಾರ್ಥನೆ ಯಾರಿಗೆ ಬೇಕು?

ಈ ಪ್ರಶ್ನೆಯನ್ನು ಅವರದೇ ಸಭೆಯಲ್ಲಿ ಎದ್ದುನಿಂತು ಕೇಳಿದವರು ಒಬ್ಬ ಭಾರತೀಯ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಲೋಕದ ಪ್ರಾಟೆಸ್ಟಂಟ್ ಮಿಶನ್ನುಗಳ ದೊಡ್ಡ ಸಮ್ಮೇಳನ ನಡೆಯಿತು. ಪ್ರತಿನಿಧಿಗಳು ಸುಮಾರು 1,200 ಮಂದಿ. ಏಷ್ಯಾದವರು ಇಪ್ಪತ್ತೂ ಇರಲಿಲ್ಲ. ಅವರಲ್ಲಿ ಒಬ್ಬರು ತಮಿಳುನಾಡಿನ ವಿ. ಎಸ್. ಅಜರಯ್ಯ. ನೀವು ನಮಗಾಗಿ ಹಣ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಅದಕ್ಕೆ ನಾವು ಋಣಿಗಳು, ಆದರೆ ನಮಗೆ ಬೇಕಾಗಿರುವುದು ನಿಮ್ಮ ಸ್ನೇಹ ಎಂಬ ಅರ್ಥದಲ್ಲಿ ಅವರು ಮಾತನಾಡಿದರು. ಬಿಳಿಯ ಪಾದ್ರಿಗಳು ಹಿಂದೂಸ್ಥಾನದ ಪಾದ್ರಿಗಳನ್ನು ಪ್ರಾರ್ಥನೆಗೆ ಕರೆಯುತ್ತಾರೆ, ಊಟಕ್ಕೆ ಕರೆಯುವುದಿಲ್ಲ ಎಂಬ ನೋವು ಆ ಮಾತಿನ ಹಿಂದಿತ್ತು. ಸಭೆಯಲ್ಲಿ ಹಲವರಿಗೆ ಸಿಟ್ಟು ಬಂತು. ಆದರೂ ಆ ಸಮ್ಮೇಳನದಲ್ಲಿ ಇಂದಿಗೂ ನೆನಪಿನಲ್ಲಿ ಉಳಿದ ಮಾತು ಅದೇ. ಎರಡು ವರ್ಷದ ಮೇಲೆ ಅಜರಯ್ಯನವರು ದೋರ್ನಕಲ್ಲಿನ ಬಿಷಪ್ಪರಾದರು. ದೋರ್ನಕಲ್ ಆಗ ನಿಜಾಮರ ರಾಜ್ಯದಲ್ಲಿತ್ತು. ನಮ್ಮ ಕೊಪ್ಪಳವೂ ಆಗ ಅದೇ ರಾಜ್ಯದಲ್ಲಿತ್ತು.

ಜಾತಿಯ ಗೋಡೆಯೂ ಅಲ್ಲಿ ಪೂರ್ತಿ ಬೀಳಲಿಲ್ಲ. ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಬಾಸೆಲ್ ಮಿಶನ್ನಿನವರು ಪಟ್ಟು ಹಿಡಿದರು. ಆದರೆ ತಮಿಳು ಸೀಮೆಯ ಎಷ್ಟೋ ಸಭೆಗಳಲ್ಲಿ ಮೇಲುಜಾತಿಯಿಂದ ಬಂದವರಿಗೆ ಒಂದು ಕಡೆ, ದಲಿತರಿಂದ ಬಂದವರಿಗೆ ಒಂದು ಕಡೆ ಕೂರುವ ಪದ್ಧತಿ ಬಹುಕಾಲ ಇತ್ತು. ಸ್ಮಶಾನದಲ್ಲಿ ಗೋಡೆ ಕಟ್ಟಿಕೊಂಡ ಊರುಗಳೂ ಇವೆ. ಬದುಕಿದ್ದಾಗ ಒಂದೇ ದೇವರು, ಸತ್ತಾಗ ಎರಡು ಮಣ್ಣು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕ್ರೈಸ್ತರಿಂದ ಕಲಿಯುವುದು ಎಂದರೆ ಸಾಲ ತರುವುದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದೆಲ್ಲ ನಮ್ಮ ಸ್ವಂತ ಗಳಿಕೆಯಾಗಿತ್ತು. ಪರಂಪರೆ ಹೇಳುವಂತೆ ಕಾಶ್ಮೀರದಿಂದ ಬಂದ ಮೋಳಿಗೆಯ ಮಾರಯ್ಯನವರು ಅಲ್ಲಿ ಕಟ್ಟಿಗೆ ಮಾರಿದರು. ಸೌರಾಷ್ಟ್ರದಿಂದ ಆದಯ್ಯನವರು ಬಂದರು. ಅಫಘಾನ ದೇಶದ ಕಡೆಯಿಂದ ಮರುಳಶಂಕರದೇವರು ಬಂದರು. ಬಳ್ಳಿಗಾವಿಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರು ಅಲ್ಲಿ ಅತಿಥಿಗಳಾಗಿರಲಿಲ್ಲ, ಹಿರಿಯರಾಗಿದ್ದರು. ಹರಳಯ್ಯ ಮತ್ತು ಮಧುವರಸರು ಬೀಗರಾದ ಕಾರಣಕ್ಕೆ ಕಲ್ಯಾಣ ರಕ್ತ ಕಂಡಿತು. ಕೂಡಿ ಉಂಡದ್ದಕ್ಕೆ, ಕೂಡಿ ಸಂಬಂಧ ಬೆಳೆಸಿದ್ದಕ್ಕೆ ಜೀವ ತೆತ್ತ ಧರ್ಮ ನಮ್ಮದು. ಯಾರವನು ಎಂದು ಕೇಳದೆ ನಮ್ಮವನೆಂದುಕೊಳ್ಳಿ ಎಂದು ಕಲಿಸಿದ ಬಸವಣ್ಣನವರ ಮಕ್ಕಳು ನಾವು.

ವಿಚಿತ್ರವೆಂದರೆ ಈ ಸಂಪತ್ತನ್ನು ಅಚ್ಚಿಗೆ ತಂದವರಲ್ಲಿ ಮೊದಲಿಗರು ಆ ಮಿಶನ್ನಿನವರೇ. ಹರ್ಮನ್ ಮೊಗ್ಲಿಂಗ್ 1848ರಿಂದ 1853ರ ನಡುವೆ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಕನ್ನಡ ಕಾವ್ಯಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳಿದ್ದವು. ಇನ್ನೊಬ್ಬ ಪಾದ್ರಿ ವುರ್ತ್ ಆ ಎರಡನ್ನೂ 1860ರ ದಶಕದಲ್ಲಿ ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟರು. ಅವರ ಉದ್ದೇಶ ಏನೇ ಇರಲಿ, ಪುಸ್ತಕ ಉಳಿಯಿತು. ಆಮೇಲೆ ಫ. ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ ಊರೂರು ಅಲೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಆ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ್ದರೆಂದೂ, ತಾವು ಹೇಳಬೇಕಾದದ್ದೆಲ್ಲ ವಚನಗಳಲ್ಲೇ ಇರುವುದನ್ನು ಕಂಡು ಅವರು ಹಿಂದಕ್ಕೆ ಕಳಿಸಿದರೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇನ್ನು ಒಂದೇ ದಿನ ನಾಡೆಲ್ಲ ಸೇರುವ ವಿಚಾರ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆಗೂಡಿ ಬಸವ ಜಯಂತಿಯನ್ನು ಆರಂಭಿಸಿದರು. ಅದಕ್ಕೂ ಮೊದಲು ಬಸವಣ್ಣನವರಿಗಾಗಿ ಎಲ್ಲರೂ ಒಂದು ದಿನ ಒಂದೆಡೆ ಸೇರುವ ರೂಢಿ ನಮ್ಮಲ್ಲಿರಲಿಲ್ಲ. ಒಬ್ಬ ಬಡ ಶಾಲಾ ಮಾಸ್ತರರು, ಒಬ್ಬ ಯತಿಗಳು ಸೇರಿ ಮಾಡಿದ ಕೆಲಸ ಇಂದು ಸರಕಾರಿ ರಜೆಯಾಗಿದೆ.

ಅರ್ಧ ಬಾಟ್ಸೆನ್ನಿನ ಲೆಕ್ಕವೂ ನಮಗೆ ಹೊಸದಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಯಿಂದ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುತ್ತದೆ. ಯಾವ ರೊಟ್ಟಿ ಯಾರ ಮನೆಯದು, ಯಾವ ಜಾತಿಯ ಕೈಯದು ಎಂದು ದಾಸೋಹದಲ್ಲಿ ಕೂತವರು ಕೇಳುವುದಿಲ್ಲ. 2019ರಲ್ಲಿ ಗವಿಮಠದ ಶ್ರೀಗಳು ಹಿರೇಹಳ್ಳವನ್ನು ಹಸನು ಮಾಡಲು ತಾವೇ ಇಳಿದಾಗ ಜನ ತಾವಾಗಿ ಹಿಂದೆ ಬಂದರು. ಕರೆದರೆ ಬರುವ ಜನ ನಮ್ಮಲ್ಲಿದ್ದಾರೆ.

ಹಾಗಾದರೆ ಕೊರತೆ ಎಲ್ಲಿದೆ? ಜಾತ್ರೆಯ ಮೂರು ದಿನ ಕೇಳದ ಪ್ರಶ್ನೆಯನ್ನು ಉಳಿದ ದಿನಗಳಲ್ಲಿ ಕೇಳುತ್ತೇವೆ. ಕೊರತೆ ಅಲ್ಲಿದೆ.

2021ರ ಸೆಪ್ಟೆಂಬರಿನಲ್ಲಿ ನಮ್ಮ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ನಡೆದದ್ದು ದೇಶಕ್ಕೆಲ್ಲ ಗೊತ್ತಾಯಿತು. ಒಬ್ಬ ದಲಿತ ತಂದೆ ತನ್ನ ಪುಟ್ಟ ಮಗನ ಹುಟ್ಟುಹಬ್ಬಕ್ಕೆ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದ. ಮಳೆ ಹನಿಯಿತು. ಮಗು ಗುಡಿಯೊಳಗೆ ಓಡಿತು. ಗುಡಿ ಮೈಲಿಗೆಯಾಯಿತೆಂದು ಶುದ್ಧಿಯ ಖರ್ಚಿಗೆ ಆ ಮನೆಯವರಿಂದ 25 ಸಾವಿರ ರೂಪಾಯಿ ದಂಡ ಕೇಳಲಾಯಿತು. ಪೊಲೀಸರು ಬಂದರು, ಬಂಧನವಾಯಿತು, ಅಧಿಕಾರಿಗಳು ಸಭೆ ನಡೆಸಿದರು. ಆ ಮಾತೆಲ್ಲ ಇರಲಿ. ಪ್ರಾರ್ಥನೆಯ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಬೇಕೆ? ಪ್ರಾರ್ಥಿಸುವವನು ಹೊರಗೆ, ದೇವರು ಒಳಗೆ, ನಡುವೆ ದಂಡದ ಪಟ್ಟಿ. ಸ್ಥಾವರದ ಗುಡಿಯೇ ಬೇಡ, ದೇಹವೇ ದೇಗುಲ ಎಂದು ಹೊರಟ ಪರಂಪರೆಯ ನೆಲದಲ್ಲಿ ಇದು ನಡೆಯಿತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನೂ ಮರೆಯಲಾಗದು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿಗೆ, ಹೋಟೆಲಿಗೆ ಒಳಗೆ ಬಿಡುವುದಿಲ್ಲ ಎಂಬ ವ್ಯಾಜ್ಯ ಅದರ ಹಿಂದಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲಿನ ನ್ಯಾಯಾಲಯದಲ್ಲಿ ಮುಂದೆ ಏನೇ ಆಗಲಿ, ಒಂದು ಮಾತು ನಿಜ. ಒಂದೇ ಊರಿನ ಜನ ಒಂದೇ ಕಪ್ಪಿನಲ್ಲಿ ಚಹಾ ಕುಡಿಯಲಾರದೆ ಹೋದದ್ದರಿಂದ ಎರಡೂ ಕಡೆಯ ಮನೆಗಳು ಉರಿದವು. ಒಂದು ಕಡೆಯವು ಬೆಂಕಿಯಲ್ಲಿ, ಇನ್ನೊಂದು ಕಡೆಯವು ಶಿಕ್ಷೆಯಲ್ಲಿ.

ಇಂಥ ಊರುಗಳಲ್ಲಿ ಯಾರೋ ಒಬ್ಬರು ಕೇರಿಯಲ್ಲಿ ಚಾಪೆ ಹಾಸಿ, ಬನ್ನಿ ಕೂಡಿ ಪ್ರಾರ್ಥಿಸೋಣ ಎಂದರೆ ನಾವು ಮತಾಂತರ ಎಂದು ಗುಲ್ಲು ಎಬ್ಬಿಸುತ್ತೇವೆ. ಆಮಿಷ ತೋರಿ ಧರ್ಮ ಬದಲಿಸುವುದನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆದರೆ ಮನುಷ್ಯ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡವರ ಕಡೆ ಹೋಗುತ್ತಾನೆ. ಅವನನ್ನು ಸೆಳೆದದ್ದು ಹೊರದೇಶದ ದುಡ್ಡು ಎನ್ನುವ ಮೊದಲು, ಅವನ ಮನೆಯಲ್ಲಿ ಸಾವಾದಾಗ ನಮ್ಮಲ್ಲಿ ಯಾರು ಹೋಗಿ ಕೂತರು ಎಂದು ಕೇಳಿಕೊಳ್ಳಬೇಕು. ಇಷ್ಟಲಿಂಗ ಎಲ್ಲರ ಅಂಗೈಗೂ ಬರಲಿ ಎಂದು ಬಸವಣ್ಣನವರು ಕೊಟ್ಟದ್ದನ್ನು ನಾವು ಮನೆತನದ ಆಸ್ತಿ ಮಾಡಿಕೊಂಡು ಕೂತು, ಬೇರೆಯವರ ಪ್ರಾರ್ಥನೆಗೆ ಕಾವಲು ಕಾಯುವುದು ನ್ಯಾಯವಲ್ಲ.

ಆದ್ದರಿಂದ ಈ ಪತ್ರಿಕೆ ತಲುಪುವ ಎಲ್ಲ ಮಠಗಳ, ಬಸವ ಕೇಂದ್ರಗಳ, ಅಕ್ಕನ ಬಳಗಗಳ ಮುಂದೆ ಕೆಲವು ವಿನಂತಿಗಳನ್ನು ಇಡುತ್ತೇವೆ. ಇವುಗಳಿಗೆ ದೇಣಿಗೆ ಬೇಡ, ಶಾಮಿಯಾನ ಬೇಡ, ಮುಖ್ಯ ಅತಿಥಿ ಬೇಡ.

ಮೊದಲನೆಯದು, ತಿಂಗಳಿಗೊಂದು ಸಂಜೆ. ಹುಣ್ಣಿಮೆಯ ದಿನ ಎಂದಿಟ್ಟುಕೊಳ್ಳೋಣ. ಎಲ್ಲ ಊರುಗಳಲ್ಲಿ ಒಂದೇ ವಚನ, ಒಂದೇ ಹೊತ್ತು. ಕುಕನೂರಿನಲ್ಲಿ ಓದಿದ್ದನ್ನೇ ಕಾರಟಗಿಯಲ್ಲಿ ಓದಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಇರುವ ಹುಡುಗನೂ ಓದಲಿ, ಅಮೆರಿಕದಲ್ಲಿ ಇರುವ ಮಗಳೂ ತನ್ನ ಬೆಳಗಿನಲ್ಲಿ ಓದಲಿ. ವಚನವನ್ನು ಆರಿಸುವ ಸರದಿ ಒಂದೊಂದು ತಿಂಗಳು ಒಂದೊಂದು ಊರಿನ ಹೆಣ್ಣುಮಕ್ಕಳದಾಗಲಿ. ಆ ವಚನವನ್ನು ಯಾಕೆ ಆರಿಸಿದೆವು, ನಮ್ಮ ಊರಿನ ಕಷ್ಟ ಏನು ಎಂದು ಅವರು ಹತ್ತು ಸಾಲು ಬರೆದು ಕಳಿಸಲಿ. ಅದನ್ನು ಅಚ್ಚು ಮಾಡುವ ಹೊಣೆ ಈ ಪತ್ರಿಕೆಯದು.

ಎರಡನೆಯದು, ಹೆಸರು ಹಿಡಿದು ನೆನೆಯುವುದು. ಲೋಕಕ್ಕೆಲ್ಲ ಒಳಿತಾಗಲಿ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಈ ತಿಂಗಳು ಯಾರ ಬೆಳೆ ಹೋಯಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ದುಡಿಯಲು ಹೋದ ಯಾರಿಂದ ಸುದ್ದಿ ಇಲ್ಲ ಎಂದು ಹೇಳಿ ಪ್ರಾರ್ಥಿಸುವುದು ಕಷ್ಟ. ಹಾಗೆ ಹೇಳಬೇಕಾದರೆ ಮೊದಲು ವಿಚಾರಿಸಿಕೊಂಡು ಬರಬೇಕಾಗುತ್ತದೆ. ಆ ವಿಚಾರಣೆಯೇ ಅರ್ಧ ಪ್ರಾರ್ಥನೆ.

ಮೂರನೆಯದು, ಜಾಗ. ಈ ಸಂಜೆ ಮಠದಲ್ಲೇ ಆಗಬೇಕೆಂದಿಲ್ಲ. ಒಂದು ತಿಂಗಳು ಮಠದಲ್ಲಿ, ಒಂದು ತಿಂಗಳು ಕೇರಿಯಲ್ಲಿ, ಒಂದು ತಿಂಗಳು ಕ್ಯಾಂಪಿನಲ್ಲಿ. ತೆಲುಗು ಬಲ್ಲವರು ಇದ್ದಲ್ಲಿ ವಚನದ ತಾತ್ಪರ್ಯವನ್ನು ತೆಲುಗಿನಲ್ಲೂ ಹೇಳಲಿ. ಶರಣರಿಗೆ ಆಂಧ್ರದ ನೆಲ ಹೊರಗಿನದಾಗಿರಲಿಲ್ಲ. ಪಾಲ್ಕುರಿಕೆ ಸೋಮನಾಥನು ಬಸವಪುರಾಣವನ್ನು ಮೊದಲು ಹಾಡಿದ್ದು ತೆಲುಗಿನಲ್ಲೇ.

ನಾಲ್ಕನೆಯದು, ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಾರ್ಥನೆ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಪ್ರತಿ ಮನೆಯಿಂದ ಎರಡು ರೊಟ್ಟಿ, ಒಂದು ಹಿಡಿ ಅಕ್ಕಿ ಬಂದರೆ ಸಾಕು. ಕೇರಿಯ ಮನೆಯ ರೊಟ್ಟಿ ಮಠದ ಬುಟ್ಟಿಗೆ ಬೀಳಲಿ, ಮಠದ ಸ್ವಾಮಿಗಳು ಅದನ್ನು ಎಲ್ಲರ ಎದುರು ಮುರಿದು ಉಣ್ಣಲಿ. ಇದೊಂದನ್ನು ಬಿಟ್ಟು ಉಳಿದ ಮೂರನ್ನು ಮಾಡಿದರೆ ನಮ್ಮದೂ ಸೇಂಟ್ ಥಾಮಸಿನ ಕಬ್ಬಿನ ತೋಟದ ಪ್ರಾರ್ಥನೆಯೇ ಆದೀತು.

ಕೂಡಿ ಪ್ರಾರ್ಥಿಸಿದ ಜನರನ್ನು ಸಮುದ್ರಗಳು ಬೇರ್ಪಡಿಸಲಾರವು, ಯುದ್ಧಗಳು ಮುರಿಯಲಾರವು ಎಂಬುದನ್ನು ಮಿಶನ್ನುಗಳ ಇತಿಹಾಸ ತೋರಿಸಿದೆ. ಕೂಡಿ ಉಣ್ಣದೆ ಹೋದರೆ ಅದೇ ಪ್ರಾರ್ಥನೆ ಪೊಳ್ಳಾಗುತ್ತದೆ ಎಂಬುದನ್ನೂ ಅದೇ ಇತಿಹಾಸ ತೋರಿಸಿದೆ. ಎರಡನ್ನೂ ಎಂಟುನೂರು ವರ್ಷಗಳ ಹಿಂದೆಯೇ ಕಂಡ ಶರಣರ ವಾರಸುದಾರರು ನಾವು. ಬರುವ ಹುಣ್ಣಿಮೆಗೆ ಮೊದಲ ಚಾಪೆ ಎಲ್ಲಿ ಹಾಸುತ್ತೀರಿ ಎಂದು ನಿಮ್ಮ ಊರಿನಿಂದ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಈ ಪುಟದ ಜಾಗ ಆ ಪತ್ರಗಳಿಗೇ ಮೀಸಲು.



ಸಂಪಾದಕ